ಹೆಂಗೂ ಅಲೀತೀಯ, ಗಂಡು ವಿಚಾರಿಸ್ಕೊಂಡು ಬಾ

ಕೆಲವರ ಜಾತಕದಲ್ಲಿ ಏನೇನೋ ಯೋಗ ಇರುತ್ತೆ. ನನಗಿರೋದು ಒಂದೇ. ರಸ್ತೆಗೆ ಕಾಲಿಟ್ಟ ಮೇಲೆ ಏನಾದರೂ ಒಂದು ಆಗದೆ ಮನೆಗೆ ವಾಪಸ್ ಬಂದ ದಿನವಿಲ್ಲ. ನಾನಾಗಿ ಏನೂ ಮಾಡುವುದಿಲ್ಲ. ನಡೆಯುತ್ತೇನೆ, ನಿಲ್ಲುತ್ತೇನೆ, ನೋಡುತ್ತೇನೆ, ಅಷ್ಟೆ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕಿಟಕಿಯಾಚೆ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಅದನ್ನು ನೋಡೋಕೆ ಅಂತ ಎದ್ದು ಹೋದವನು ಮತ್ತೆ ಕ್ಲಾಸಿಗೆ ಹೋಗಲೇ ಇಲ್ಲ. ಆ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ಇವತ್ತಿಗೂ ನೋಡುತ್ತಲೇ ಇದ್ದೇನೆ. ಈಗ ವಯಸ್ಸು ಐವತ್ತೆರಡು. ಮದುವೆ ಆಗಿಲ್ಲ. ಹೊಳೇನರಸೀಪುರದಲ್ಲಿ ಅಕ್ಕನ ಮನೆಯ ಗೂಟಕ್ಕೆ ನನ್ನ ಚೀಲ ನೇತುಹಾಕಿರುತ್ತೆ, ಆಗಾಗ ನಾನೂ ಅಲ್ಲಿರುತ್ತೇನೆ.

ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಅಕ್ಕ ಆ ಚೀಲವನ್ನು ಗೂಟದಿಂದ ತೆಗೆದು ನನ್ನ ಕೈಗೇ ಕೊಟ್ಟಳು. ನನಗೆ ಆಶ್ಚರ್ಯವಾಯಿತು. ಸಾಮಾನ್ಯವಾಗಿ ಕಿತ್ತುಕೊಳ್ಳುವವಳು.

"ಹಾಸನದಲ್ಲಿ ಒಂದು ಗಂಡು ಐತೆ. ಪಾಲಿಟೆಕ್ನಿಕ್ ಮೇಷ್ಟ್ರು. ನೀನು ಹೆಂಗೂ ಅಲೀತೀಯ, ಇವತ್ತು ಅಲ್ಲಿ ಅಲಿ. ವಿಚಾರಿಸ್ಕೊಂಡು ಬಾ."

ನಮ್ಮ ಕಡೆ ಗಂಡು ವಿಚಾರಿಸುವುದಕ್ಕೆ ಒಂದು ಕ್ರಮ ಇದೆ. ಹುಡುಗನ ಮನೆಯವರನ್ನು ಕೇಳುವ ಹಾಗಿಲ್ಲ, ನೆಂಟರನ್ನೂ ಕೇಳುವ ಹಾಗಿಲ್ಲ. ಅವರ ಬೀದಿಯಲ್ಲಿ ಮೂರು ಕಡೆ, ಗುಟ್ಟಾಗಿ. ಅಕ್ಕ ಬೆರಳು ಮಡಿಚುತ್ತಾ ಹೇಳಿದಳು: "ಕಟಿಂಗ್ ಶಾಪು, ಇಸ್ತ್ರಿ ಗಾಡಿ, ಕಾಫಿ ಅಂಗಡಿ. ಕಟಿಂಗ್‌ನೋನಿಗೆ ತಲೆ ಗೊತ್ತು, ಇಸ್ತ್ರಿಯೋನಿಗೆ ಮೈ ಗೊತ್ತು, ಕಾಫಿಯೋನಿಗೆ ಬಾಯಿ ಗೊತ್ತು. ಮೂರು ಕಡೇನೂ ಒಂದೇ ಮಾತು ಬಂದ್ರೆ ಗಂಡು ಸರಿ. ನೀನ್ ಯಾಕ್ ಬಂದಿದ್ದೀಯ ಅಂತ ಒಬ್ರಿಗೂ ಗೊತ್ತಾಗ್ಬಾರ್ದು. ಸಾಯಂಕಾಲ ಐದಕ್ಕೆ ಚನ್ನರಾಯಪಟ್ಟಣದ ಬ್ರೋಕರು ಫೋನ್ ಮಾಡ್ತಾನೆ. ಅಷ್ಟರಲ್ಲಿ ನಾವು ಹೂಂ ಅನ್ನದೇ ಇದ್ರೆ ಅರಕಲಗೂಡಿನ ಹುಡುಗಿಗೆ ಆಗೋಯ್ತದೆ."

ಅಕ್ಕನ ಮಗಳು ಹೈಸ್ಕೂಲ್ ಟೀಚರು. ಗೇಟಿನ ತನಕ ಬಂದು ಮೆತ್ತಗೆ ಹೇಳಿದಳು, "ಮಾವ, ಅಮ್ಮ ಹೇಳಿದ್ದೆಲ್ಲ ಕೇಳು. ನಂಗೋಸ್ಕರ ಇನ್ನೊಂದು ನೋಡ್ಕೊಂಡು ಬಾ. ಅವ್ರು ನಗ್ತಾರಾ ಅಂತ. ಫೋಟೋದಲ್ಲಿ ಪರೀಕ್ಷೆಗೆ ಕೂತಂಗೆ ಕೂತವ್ರೆ."

ಕಿಟಕಿ

ಬಸ್ಸು ಹಾಸನದ ಅಂಚಿಗೆ ಬರುತ್ತಲೇ ಇಳಿದುಬಿಟ್ಟೆ. ಇನ್ನೂ ಒಂಬತ್ತು ಗಂಟೆ, ಬಿಸಿಲು ಹದವಾಗಿತ್ತು. ಮನೆಗಳ ಹೆಸರು ಓದುತ್ತಾ ಹೋದೆ. ಒಂದೇ ಬೀದಿಯಲ್ಲಿ ಮೂರು ಮನೆಗೆ 'ಅಮ್ಮನ ಆಶೀರ್ವಾದ' ಅಂತಿತ್ತು. ನಾಲ್ಕನೆಯದಕ್ಕೆ 'ಅತ್ತೆಯ ಸಹಕಾರ'. ಆ ಮನೆಯ ಯಜಮಾನನನ್ನು ನೋಡಬೇಕು ಅಂತ ಸ್ವಲ್ಪ ಹೊತ್ತು ಕಾದೆ. ಹೊರಗೆ ಬರಲಿಲ್ಲ.

ಮುಂದೆ ಒಂದು ಮನೆ ಕಟ್ಟುತ್ತಿದ್ದರು. ಕಟ್ಟುತ್ತಿರುವ ಮನೆ ಕಂಡರೆ ನನಗೆ ಒಳಗೆ ಹೋಗದೆ ಆಗುವುದಿಲ್ಲ. ಹೋಗಿ ಹಾಲಿನ ನಡುವೆ ಕೈ ಹಿಂದೆ ಕಟ್ಟಿಕೊಂಡು ನಿಂತೆ.

"ಯಾರ ಕಡೆಯೋರು?" ಅಂದ ಗಾರೆ ಮೇಸ್ತ್ರಿ.

"ಯಾರ ಕಡೆನೂ ಅಲ್ಲ. ಸುಮ್ನೆ ನೋಡ್ತಿದ್ದೆ."

"ಸುಮ್ನೆ ಯಾರೂ ನೋಡಲ್ಲ ಬುಡಿ."

ಅಷ್ಟರಲ್ಲಿ ಸ್ಕೂಟರಿನಲ್ಲಿ ಮನೆಯ ಯಜಮಾನರು ಬಂದರು. ನಾನು ನಿಂತಿದ್ದ ಭಂಗಿ ನೋಡಿ ಕೈ ಮುಗಿದೇಬಿಟ್ಟರು. "ಆಗ್ಲೇ ಬಂದ್ಬುಟ್ರಾ ಸಾ? ವಾಸ್ತು ನೋಡೋರು ಹತ್ತು ಗಂಟೆಗೆ ಬತ್ತಾರೆ ಅಂದಿದ್ರು."

"ನಾನು ವಾಸ್ತುನೋನಲ್ಲ. ಸುಮ್ನೆ ಬಂದೆ."

"ದೊಡ್ಡೋರು ಹಂಗೇ ಅನ್ನೋದು. ಈ ಕಿಟಕಿ ಒಂದು ಹೆಂಗೈತೆ ಹೇಳ್ಬುಡಿ ಸಾ."

ನಾನು ಇದ್ದದ್ದನ್ನೇ ಹೇಳಿದೆ. "ಇಲ್ಲಿಂದ ರಸ್ತೆ ಕಾಣ್ಸಲ್ಲ." ಕಿಟಕಿ ಅಂದಮೇಲೆ ರಸ್ತೆ ಕಾಣಬೇಕು ಅನ್ನುವುದು ಸ್ಕೂಲಿನ ಕಾಲದಿಂದಲೂ ನನ್ನ ಅಭಿಪ್ರಾಯ.

ಯಜಮಾನರು ಮೇಸ್ತ್ರಿ ಕಡೆ ತಿರುಗಿ, "ಒಡೀರಿ" ಅಂದರು.

ನಾನು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸುತ್ತಿಗೆಯ ಶಬ್ದ ಶುರುವಾಗಿತ್ತು. ಮೇಸ್ತ್ರಿ ಹಿಂದಿನಿಂದ ಓಡಿಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ಸಾ, ಇನ್ನೊಂದ್ಸಲ ಸುಮ್ನೆ ನೋಡ್ಬೇಕು ಅನ್ಸಿದ್ರೆ ಆ ಪಕ್ಕದ ರಸ್ತೆಗೆ ಓಗಿ. ಅಲ್ಲಿ ಕೆಲ್ಸ ಬೇರೆ ಮೇಸ್ತ್ರಿದು."

ಆಲೂಗಡ್ಡೆ

ಬೇಸಿಗೆ ಬಂದರೆ ಹಾಸನದ ಮಾರುಕಟ್ಟೆಗೆ ಬಿತ್ತನೆ ಆಲೂಗಡ್ಡೆ ಬರುತ್ತೆ. ಶಾಂತಿಗ್ರಾಮದ ರೈತರೊಬ್ಬರು ಮೂಟೆ ಬಿಚ್ಚಿಸಿ ಒಂದೊಂದನ್ನೇ ಮೂಸುತ್ತಾ ಒತ್ತುತ್ತಾ ಇದ್ದರು. ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿದೆ.

"ಹೆಂಗೆ ಗೊತ್ತಾಗುತ್ತೆ ಒಳ್ಳೇದು ಯಾವ್ದು ಅಂತ?"

"ಮೇಲ್ಗಡೆ ಎಲ್ಲಾನೂ ಚೆನ್ನಾಗೇ ಇರ್ತವೆ. ಕುಯ್ದು ನೋಡ್ಬೇಕು."

"ಕುಯ್ಯೋಕಾಗದೇ ಇರೋದಾದ್ರೆ?"

ಅವರು ಆಲೂಗಡ್ಡೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಬೀದಿ ಗಂಡು?" ಅಂದರು.

ಗುಟ್ಟಿನ ಕೆಲಸ ಶುರುವಾಗಿ ಇನ್ನೂ ಎರಡು ಗಂಟೆಯಾಗಿರಲಿಲ್ಲ. ಅಲ್ಲಿಂದ ಹೊರಟೆ.

ಬಾಗಿಲು

ಬಿಸಿಲು ಏರಿತು. ನೆರಳಿಗೆ ಅಂತ ಹಾಸನಾಂಬೆಯ ಗುಡಿಗೆ ಹೋದೆ. ಆ ತಾಯಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಮಿಕ್ಕಂತೆ ಬೀಗ. ಪಕ್ಕದ ಸಿದ್ಧೇಶ್ವರನಿಗೆ ಮಾತ್ರ ರಜೆ ಇಲ್ಲ.

ಬೀಗ ಹಾಕಿದ ಬಾಗಿಲ ಎದುರು ಒಬ್ಬರು ಅಜ್ಜಿ ಕಾಲು ನೀಡಿಕೊಂಡು ಕೂತು ಜೋರಾಗಿ ಮಾತಾಡುತ್ತಿದ್ದರು. ಫೋನಿನಲ್ಲಿ ಅಂದುಕೊಂಡೆ. ನೋಡಿದರೆ ಕೈಯಲ್ಲಿ ಫೋನಿಲ್ಲ.

"ಅಜ್ಜಿ, ಬಾಗಿಲು ಹಾಕೈತೆ."

"ಕಾಣ್ತದೆ ಕಣಪ್ಪ."

"ದೀಪಾವಳಿಗೆ ಬರ್ಬೇಕು ನೀವು."

"ಆಗ ಯಾರ್ ಬತ್ತಾರೆ? ಅರ್ಧ ದಿನ ಲೈನಲ್ಲಿ ನಿಂತ್ರೆ ಕೈ ಮುಗಿಯಕ್ಕೆ ಮುಂಚೇನೇ ಮುಂದಕ್ಕೆ ನೂಕ್ತಾರೆ. ಕಷ್ಟ ಸುಖ ಹೇಳ್ಕೊಳಕ್ಕೆ ಆಯ್ತದಾ? ಈಗಾದ್ರೆ ಅವ್ಳಿಗೂ ಬಿಡುವು, ನಂಗೂ ಬಿಡುವು. ಬಾಗಿಲು ಹಾಕಿದ್ರೇನೇ ನೆಮ್ಮದಿಯಾಗಿ ಮಾತಾಡ್ಬೋದು." ಬಾಗಿಲ ಕಡೆ ತಿರುಗಿದರು. "ಎಲ್ಲಿಗ್ ಬುಟ್ಟೆ ತಾಯಿ? ಹಾಂ. ಗಂಡು ಪಾಲಿಟೆಕ್ನಿಕ್ ಮೇಷ್ಟ್ರು. ಸಾಲಗಾಮೆ ರಸ್ತೆ ಕಡೆ ಮನೆ. ನಮ್ ಮೊಮ್ಮಗಳಿಗೆ ಅದೇ ಆಗ್ಲಿ. ಹೊಳೇನರಸೀಪುರದ್ದು ಒಂದು ಉಡುಗಿ ಅಡ್ಡ ಐತಂತೆ, ಟೀಚರಂತೆ. ಅದಕ್ಕೂ ಕೆಟ್ಟದ್ದು ಮಾಡ್ಬೇಡ. ಅದಕ್ಕೂ ಒಳ್ಳೇ ಗಂಡು ಸಿಗ್ಲಿ. ಬೇರೆ ಎಲ್ಲಾದ್ರೂ."

ನಾನು ಮೆತ್ತಗೆ ಕಂಬದ ಹಿಂದಕ್ಕೆ ಸರಿದೆ.

"ನಮ್ದು ಅರಕಲಗೂಡು. ನಿಂದ್ಯಾವೂರಪ್ಪ?" ಅಂದರು ಅಜ್ಜಿ.

"ಗೊರೂರು" ಅಂದೆ. ಆ ದಿನದ ಮೊದಲ ಸುಳ್ಳು, ಅದೂ ದೇವರ ಎದುರಿಗೇ.

ಅಜ್ಜಿ ಎದ್ದು ಸಿದ್ಧೇಶ್ವರನ ಕಡೆ ಹೋದ ಮೇಲೆ ನಾನೂ ಬಾಗಿಲ ಮುಂದೆ ನಿಂತು, ಅರಕಲಗೂಡಿನ ಹುಡುಗಿಗೂ ಒಳ್ಳೇ ಗಂಡು ಸಿಗಲಿ, ಬೇರೆ ಎಲ್ಲಾದರೂ, ಅಂತ ಬೇಡಿಕೊಂಡೆ. ವಾದ ಎರಡೂ ಕಡೆಯಿಂದ ಆಯಿತು. ತೀರ್ಪಿಗೆ ಸಾಯಂಕಾಲ ಐದು ಗಂಟೆ.

ಸುಳಿ

ಸಾಲಗಾಮೆ ರಸ್ತೆಯ ಪಕ್ಕದ ಬಡಾವಣೆ. ಮೊದಲು ಕಟಿಂಗ್ ಶಾಪು. ಹಿಂದಿನ ದಿನ ತಾನೆ ಕಟಿಂಗ್ ಮಾಡಿಸಿದ್ದೆ. ಅಕ್ಕನ ಕಾರ್ಯಕ್ರಮ ಗೊತ್ತಿದ್ದರೆ ಸ್ವಲ್ಪ ಉಳಿಸಿಕೊಳ್ಳುತ್ತಿದ್ದೆ.

"ಇದ್ರಲ್ಲಿ ಏನ್ ತೆಗೀಲಿ ಸಾ?"

"ಸಿಕ್ಕಿದ್ದು ತೆಗಿಯಪ್ಪ."

ಎರಡು ಸಲ ಕತ್ತರಿ ಆಡಿಸಿದ. ನಾನು ಕನ್ನಡಿಯಲ್ಲಿ ನೋಡುತ್ತಾ, "ಬಿಸಿಲು ಜಾಸ್ತಿ ಅಲ್ವಾ ಈ ಸಲ" ಅಂದೆ.

ಕತ್ತರಿ ನಿಂತಿತು. "ಗಂಡು ವಿಚಾರಿಸಕ್ಕೆ ಬಂದ್ರಾ?"

"ಇಲ್ಲಪ್ಪ, ಸುಮ್ನೆ..."

"ಎಲ್ರೂ ಮೊದ್ಲು ಬಿಸಿಲು ಜಾಸ್ತಿ ಅಂತಾರೆ. ಆಮೇಲೆ ಈ ಬೀದೀಲಿ ಮೇಷ್ಟ್ರು ಯಾರಾದ್ರೂ ಅವ್ರಾ ಅಂತಾರೆ. ಈ ವಾರದಲ್ಲಿ ನೀವು ನಾಲ್ಕನೆಯೋರು. ಕಟಿಂಗ್ ಬ್ಯಾಡ ಬುಡಿ, ಹಂಗೇ ಹೇಳ್ತೀನಿ. ಕುಡಿಯಲ್ಲ, ಸೇದಲ್ಲ, ಹೊಟ್ಟಿಲ್ಲ, ಬಣ್ಣ ಹಚ್ಚಲ್ಲ. ಎಲ್ಲಕ್ಕಿಂತ ಮುಖ್ಯ, ತಲೇಲಿ ಸುಳಿ ಒಂದೇ. ನಾನೇ ಕಣ್ಣಾರೆ ನೋಡಿದ್ದೀನಿ."

ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಅಂತ ನಮ್ಮ ಕಡೆ ಮಾತು. ಇದನ್ನು ಅಕ್ಕನಿಗೆ ಹೇಳಿದರೆ ಅರ್ಧ ಸಮಾಧಾನವಾಗುತ್ತೆ ಅಂದುಕೊಂಡೆ. ಅವನು ನನ್ನ ತಲೆಯನ್ನು ದೀಪಕ್ಕೆ ಹಿಡಿದು, "ನಿಮ್ಗೆ ಎರಡವೆ" ಅಂದ.

"ನನಗೆ ಒಂದೂ ಆಗಿಲ್ಲವಲ್ಲಯ್ಯ."

"ಹಂಗಾದ್ರೆ ಎರಡೂ ಬಾಕಿ ಅವೆ ಸಾ."

ಬನಿಯನ್

ಇಸ್ತ್ರಿ ಗಾಡಿ ಹೊಂಗೆ ಮರದ ಕೆಳಗಿತ್ತು. ಗಾಡಿಯವನು ಮಾತು ಬಲ್ಲವನು, ಆದರೆ ಬಿಟ್ಟಿ ಮಾತಾಡುವವನಲ್ಲ. "ಏನ್ ಕೊಡ್ತೀರಾ ಇಸ್ತ್ರಿಗೆ?" ಅಂದ. ನನ್ನ ಹತ್ತಿರ ಇದ್ದದ್ದು ಮೈಮೇಲಿನ ಶರ್ಟು ಒಂದೇ. ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ಕಲ್ಲಿನ ಮೇಲೆ ಕೂತೆ.

"ಮೇಷ್ಟ್ರಾ? ಬಲಗೈ ತೋಳಲ್ಲಿ ಬರೀ ಸೀಮೆಸುಣ್ಣ. ಅಂದ್ರೆ ಪಾಠ ಮಾಡ್ತಾರೆ, ಕೂತ್ಕಂಡು ಕಾಲ ಕಳೆಯಲ್ಲ. ಜೇಬಲ್ಲಿ ಎಲೆ ಅಡಿಕೆ ಕಲೆ ಇಲ್ಲ, ಬೀಡಿ ಪುಡಿ ಇಲ್ಲ. ಒಂದ್ಸಲ ಶರ್ಟು ಸುಟ್ಟಾಕ್ಬುಟ್ಟೆ. ಏನೂ ಅನ್ಲಿಲ್ಲ, ಅದನ್ನೇ ಹಾಕ್ಕೊಂಡು ಓದ್ರು."

"ಅವರ ತಾಯಿ ಹೆಂಗೆ?"

"ನೀವೇ ನೋಡಿ, ಬತ್ತಾವ್ರೆ."

ನಿಜವಾಗಿಯೂ ಬರುತ್ತಿದ್ದರು, ಕಂಕುಳಲ್ಲಿ ಸೀರೆಯ ಗಂಟು. ನನ್ನ ಶರ್ಟು ಇಸ್ತ್ರಿ ಪೆಟ್ಟಿಗೆಯ ಕೆಳಗಿತ್ತು. ಓಡಿಹೋಗುವುದಾದರೆ ಬನಿಯನ್ನಿನಲ್ಲೇ ಓಡಬೇಕು.

"ಯಾರಯ್ಯ ಇವ್ರು?"

"ನನ್ ಬಾಮೈದ ಅಮ್ಮ" ಅಂದ ಇಸ್ತ್ರಿಯವನು, ತಲೆ ಎತ್ತದೆ.

ಅವರು ಗಂಟು ಗಾಡಿಯ ಮೇಲಿಟ್ಟು, ಹೋದ ವಾರದ ಸೀರೆಯ ಮಡಿಕೆ ಸರಿ ಇರಲಿಲ್ಲ ಅಂತ ಅವನಿಗೆ ಚೆನ್ನಾಗಿ ಬೈದರು. ನನ್ನನ್ನು ಒಂದು ಸಲ ನೋಡಿದರು, ನನ್ನ ಶರ್ಟನ್ನು ಒಂದು ಸಲ ನೋಡಿದರು, ಹೋದರು. ಹತ್ತು ನಿಮಿಷಕ್ಕೆ ಎರಡು ಲೋಟ ಮಜ್ಜಿಗೆ ಹಿಡಿದು ಅವರೇ ವಾಪಸ್ ಬಂದರು, ಇಂಗು ಕರಿಬೇವು ಹಾಕಿದ್ದು. "ಬಿಸಿಲು ಜಾಸ್ತಿ" ಅಂದರು. "ಬಾಮೈದನಿಗೆ ಇನ್ನೊಂದು ಶರ್ಟು ಹೊಲಿಸ್ಕೊಡಯ್ಯ. ನೆಂಟ್ರನ್ನ ಹಿಂಗಾ ಕೂರ್ಸೋದು?"

ಮೂರನೇ ಸಾಕ್ಷಿ

ಎರಡು ಕಡೆ ಒಂದೇ ಮಾತು ಬಂತು. ಮೂರನೆಯದು ಕಾಫಿ ಅಂಗಡಿ. ಬಾಗಿಲು ಹಾಕಿತ್ತು. ಕಾಫಿಯವನು ಯಾರದೋ ಮದುವೆಗೆ ಚನ್ನರಾಯಪಟ್ಟಣಕ್ಕೆ ಹೋಗಿದ್ದನಂತೆ. ಎರಡೇ ಸಾಕ್ಷಿ ತಗೊಂಡು ಹೋದರೆ ಅಕ್ಕ ಒಪ್ಪುವವಳಲ್ಲ. ಏನು ಮಾಡೋದು ಅಂತ ಯೋಚಿಸಿಕೊಂಡು ಪಾರ್ಕಿಗೆ ಹೋದೆ. ಗಂಟೆ ನಾಲ್ಕು ಮೀರಿತ್ತು.

ಬೆಂಚಿನ ಮೇಲೆ ನನ್ನ ವಯಸ್ಸಿನವನೇ ಒಬ್ಬ ಕೂತಿದ್ದ, ಕೈಯಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಅವನ ಚಪ್ಪಲಿಯ ಹಿಮ್ಮಡಿ ಸವೆದು ನೆಲ ಕಾಣುತ್ತಿತ್ತು. ನನ್ನದೂ ಹಾಗೇ. ನೋಡಿದ ಕೂಡಲೇ ಗೌರವ ಬಂತು. ಅವನೂ ನನ್ನ ಚಪ್ಪಲಿ ನೋಡಿ ಒಂದು ಹೋಳು ಕೊಟ್ಟ.

"ಯಾವೂರು?"

"ಗೊರೂರು. ನಿಮ್ದು?"

"ಶಾಂತಿಗ್ರಾಮ. ಏನ್ ಬಂದಿದ್ದು?"

"ಸುಮ್ನೆ."

"ನಾನೂ ಸುಮ್ನೆ."

ಸ್ವಲ್ಪ ಹೊತ್ತು ಅಗಿದೆವು. ಆಮೇಲೆ ಅವನು, "ಬಿಸಿಲು ಜಾಸ್ತಿ ಈ ಸಲ" ಅಂದ.

ಕಟಿಂಗ್ ಶಾಪಿನವನ ಮಾತು ನೆನಪಾಗಿ ನಾನು ನೆಟ್ಟಗೆ ಕೂತೆ.

"ಹೊಳೇನರಸೀಪುರದಲ್ಲಿ ಯಾರಾದ್ರೂ ಗೊತ್ತಾ ನಿಮ್ಗೆ?" ಅಂದ. "ಬೆಳಿಗ್ಗೆ ಅಲ್ಲಿಗೆ ಓಗಿದ್ದೆ, ನಮ್ಮಣ್ಣನ ಮಗನಿಗೆ ಒಂದು ಹುಡುಗಿ ವಿಚಾರಿಸಕ್ಕೆ. ಹುಡುಗ ಮೇಷ್ಟ್ರು, ಹುಡುಗಿ ಟೀಚರು. ಹಿಟ್ಟಿನ ಗಿರಣಿ, ಟೈಲರು, ಹೂವಿನೋಳು, ಮೂರು ಕಡೇನೂ ಒಂದೇ ಮಾತು. ಹುಡುಗಿ ಅಪರಂಜಿ. ತಾಯಿ ಬಾಯಿ ಜೋರು, ಮನಸ್ಸು ಒಳ್ಳೇದು. ಒಂದೇ ಒಂದು ಕೊರೆ."

"ಏನು?"

"ಸೋದರಮಾವ."

ಕೈಯಲ್ಲಿದ್ದ ಹೋಳನ್ನು ಅವನ ಪೊಟ್ಟಣಕ್ಕೇ ವಾಪಸ್ ಇಟ್ಟೆ.

"ಎಂಟನೇ ಕ್ಲಾಸು, ಅದೂ ಅರ್ಧ. ಇವತ್ತು ಇಲ್ಲಿದ್ರೆ ನಾಳೆ ಎಲ್ಲೋ. ರಸ್ತೆಗೆ ಡಾಂಬರು ಹಾಕೋದು ಕಂಡ್ರೆ ಊಟ ಬುಟ್ಟು ಓಯ್ತಾನಂತೆ."

"ಅಲೆದ್ರೆ ಏನಾಯ್ತು?"

"ನನಗೇನಿಲ್ಲಪ್ಪ. ನಮ್ಮತ್ತಿಗೆ ಕೇಳ್ತಾರಲ್ಲ. ಧಾರೆ ದಿನ ಹುಡುಗಿನ ಕೈ ಹಿಡ್ದು ಮಂಟಪಕ್ಕೆ ಕರ್ಕೊಂಡು ಬರಬೇಕಾದೋನು ಸೋದರಮಾವ. ಮುಹೂರ್ತದ ಹೊತ್ತಿಗೆ ಅವ್ನು ಸಕಲೇಶಪುರದಲ್ಲಿ ಲಾರಿ ನೋಡ್ತಾ ನಿಂತಿದ್ರೆ? ಐದಕ್ಕೆ ಬ್ರೋಕರು ಫೋನ್ ಮಾಡ್ತಾನೆ. ಹೂಂ ಅನ್ನೋದೋ, ಅರಕಲಗೂಡು ಅನ್ನೋದೋ?"

ಇಷ್ಟು ವರ್ಷ ಅಲೆದರೂ ಇಂಥ ಜಾಗಕ್ಕೆ ಬಂದು ನಿಂತಿರಲಿಲ್ಲ. ಹುಡುಗಿಗೆ ಯಾವ ಅಡ್ಡಿಯೂ ಇಲ್ಲ, ನಾನೇ ಅಡ್ಡಿ. ಆ ಸೋದರಮಾವ ನಾನೇ ಅಂದರೆ, ಕೆಲಸದ ದಿನ ಪಾರ್ಕಿನಲ್ಲಿ ಕೂತಿರುವುದೇ ಅವನ ಮಾತಿಗೆ ಸಾಕ್ಷಿ. ಅಲ್ಲ ಅಂದರೆ ಧಾರೆ ದಿನ ಈ ಮುಖವನ್ನೇ ಹೊತ್ತುಕೊಂಡು ಹೋಗಬೇಕು.

"ಅವ್ನು ನನಗೆ ಗೊತ್ತು" ಅಂದೆ. "ಅಲೆಯೋದು ನಿಜ. ಆದ್ರೆ ಅವರಕ್ಕ ಕರೆದ ದಿನ ಬಾರದೇ ಇದ್ದದ್ದಿಲ್ಲ."

ಆಗಲೇ ಫೋನು ಹೊಡೆಯಿತು. ಅಕ್ಕನ ದನಿಗೆ ನಿಜವಾಗಿ ಫೋನಿನ ಅಗತ್ಯವೇ ಇಲ್ಲ. "ಎಲ್ಲಿ ಅಲೀತಿದ್ದೀಯ್ಲಾ? ಐದಾಗ್ತಾ ಬಂತು. ಮೇಷ್ಟ್ರು ಕುಡಿತಾನಾ ಇಲ್ವಾ?"

ಪಾರ್ಕಿನ ಮರದ ಮೇಲಿದ್ದ ಕಾಗೆಗೂ ಕೇಳಿಸಿತು. ಅವನು ಮಾವಿನಕಾಯಿ ಪೊಟ್ಟಣ ಕೆಳಗಿಟ್ಟ.

"ಗೊರೂರು?" ಅಂದ.

"ಶಾಂತಿಗ್ರಾಮ?" ಅಂದೆ.

ಇಬ್ಬರೂ ತಲೆ ತಗ್ಗಿಸಿದೆವು. ಕೊನೆಗೆ ನಾನೇ ಕೇಳಿದೆ, "ನಿಮ್ಮನೇಲಿ ಕೊರೆ ಏನೂ ಇಲ್ವಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಒಂದೈತೆ. ಹುಡುಗನ ಚಿಕ್ಕಪ್ಪ. ಏಳನೇ ಕ್ಲಾಸು. ಒಂದ್ ಕಡೆ ನಿಲ್ಲಲ್ಲ."

"ಎಲ್ಲವ್ನೆ ಈಗ?"

"ಮಾವಿನಕಾಯಿ ತಿಂತಾ ಅವ್ನೆ."

ಅಷ್ಟರಲ್ಲಿ ಅವನ ಫೋನು ಹೊಡೆಯಿತು. ಅವನ ಅತ್ತಿಗೆ, ಅಂದರೆ ಮಜ್ಜಿಗೆ ಕೊಟ್ಟ ತಾಯಿ. ಸೋದರಮಾವನ ವಿಷಯ ಏನಾಯಿತು, ಬೇಕಾದಾಗ ಸಿಗುತ್ತಾನಾ ಅಂತ ಕೇಳಿದರು.

"ಅವ್ನನ್ನ ಹುಡುಕೋದು ಕಷ್ಟ ಇಲ್ಲ ಅತ್ತಿಗೆ. ನಾನೆಲ್ಲಿರ್ತೀನೋ ಅವ್ನೂ ಅಲ್ಲೇ ಇರ್ತಾನೆ."

"ಅದು ಸರಿಯಪ್ಪ" ಅಂದರು ಆ ತಾಯಿ. "ನಿನ್ನ ಹುಡುಕೋರು ಯಾರು?"

ಐದು ನಿಮಿಷಕ್ಕೆ ಅವರ ಮಗನೇ ಬೈಕಿನಲ್ಲಿ ಬಂದ, ಚಿಕ್ಕಪ್ಪನನ್ನು ಹಿಡಿದುಕೊಂಡು ಹೋಗಲು. ಮುಖ ಥೇಟ್ ಫೋಟೋದಲ್ಲಿದ್ದ ಹಾಗೇ, ಪರೀಕ್ಷೆಯ ಮುಖ. ಚಿಕ್ಕಪ್ಪ ನನ್ನನ್ನು ತೋರಿಸಿ, "ಇವ್ರು ಹುಡುಗಿ ಸೋದರಮಾವ ಕಣ್ಲಾ. ನಿನ್ನ ವಿಚಾರಿಸಕ್ಕೆ ಗುಟ್ಟಾಗಿ ಬಂದವ್ರೆ" ಅಂದ.

ಹುಡುಗ ನನ್ನ ಇಸ್ತ್ರಿ ಮಾಡಿದ ಶರ್ಟನ್ನು ನೋಡಿದ. "ಇಸ್ತ್ರಿಯೋನ ಬಾಮೈದ ನೀವೇನಾ ಸಾ? ಆಗ್ಲೇ ಅಮ್ಮ ಅಂದ್ರು, ಬಾಮೈದನ ಶರ್ಟಿಗೆ ಯಾರೂ ಅಷ್ಟು ಗಮನವಿಟ್ಟು ಇಸ್ತ್ರಿ ಮಾಡಲ್ಲ, ಹೊಳೇನರಸೀಪುರದೋರೇ ಇರ್ಬೇಕು, ಅದಕ್ಕೇ ಮಜ್ಜಿಗೆ ಕೊಟ್ಟೆ ಅಂತ." ಅಷ್ಟು ಹೇಳುವಷ್ಟರಲ್ಲಿ ಅವನ ಬಾಯಿ ಸೊಟ್ಟಗಾಯಿತು. ಭುಜ ಅಲ್ಲಾಡಿತು. ಕೊನೆಗೆ ಬೈಕು ವಾಲಿತು, ಇಳಿದು ಸ್ಟ್ಯಾಂಡ್ ಹಾಕಿದ.

ಅಕ್ಕನಿಗೆ ಫೋನ್ ಮಾಡಿ ಹೂಂ ಅಂದೆ. ಅಕ್ಕನ ಮಗಳಿಗೆ ಬೇರೆಯಾಗಿ ಹೇಳಿದೆ: "ನಗ್ತಾರಮ್ಮ. ಗಾಡಿಗೆ ಸ್ಟ್ಯಾಂಡ್ ಹಾಕ್ಕೊಂಡು ನಗ್ತಾರೆ."

ಚಿಲಕ

ಮದುವೆಯ ಪತ್ರಿಕೆ ಹಂಚುವ ಕೆಲಸ ನನಗೂ ಚಿಕ್ಕಪ್ಪನಿಗೂ ಬಂತು. ಹೆಂಗೂ ಅಲೀತೀರಲ್ಲ ಅಂತ ಎರಡು ಮನೆಯವರೂ ಒಟ್ಟಿಗೇ ಅಂದರು. ಅರಕಲಗೂಡಿಗೆ ಹೋಗಿ ಆ ಅಜ್ಜಿಗೂ ಕೊಟ್ಟು, ಗೊರೂರು ಅಂದದ್ದು ಸುಳ್ಳು ಅಂತ ಒಪ್ಪಿಕೊಂಡೆ. ಅಜ್ಜಿಗೆ ಕೋಪ ಬರಲಿಲ್ಲ. "ನಿಮ್ಮುಡುಗಿಗೆ ಒಳ್ಳೇ ಗಂಡು ಸಿಗ್ಲಿ ಅಂದಿದ್ದೆ, ಸಿಕ್ತು. ಬೇರೆ ಎಲ್ಲಾದ್ರೂ ಅಂದಿದ್ದು ಅವ್ಳಿಗೆ ಕೇಳಿಸ್ಲಿಲ್ಲ. ಬಾಗಿಲು ದಪ್ಪ" ಅಂದರು.

ಧಾರೆಯ ದಿನ ಬೆಳಿಗ್ಗೆ ಕಲ್ಯಾಣ ಮಂಟಪದ ಪಕ್ಕದ ರಸ್ತೆಯಲ್ಲಿ ಡಾಂಬರು ಹಾಕುತ್ತಿದ್ದರು. ಇದು ಯಾರ ಕೆಲಸವೋ ನನಗೆ ಗೊತ್ತಿಲ್ಲ. ವಾಸನೆ ಬಂದ ಎರಡೇ ನಿಮಿಷಕ್ಕೆ ಅಕ್ಕನೂ ಹುಡುಗನ ತಾಯಿಯೂ ಸೇರಿ ಒಂದು ಕೋಣೆಗೆ ಹೊರಗಿನಿಂದ ಚಿಲಕ ಹಾಕಿದರು. ಒಳಗಿದ್ದವಳು ಮದುಮಗಳಲ್ಲ. ನಾನು ಮತ್ತು ಹುಡುಗನ ಚಿಕ್ಕಪ್ಪ.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲಾಚೆ ಯಾರೋ ಕಾಲು ನೀಡಿಕೊಂಡು ಕೂತ ಹಾಗಾಯಿತು. ಅಜ್ಜಿಯ ದನಿ.

"ಒಳಗಿದ್ದೀರೇನಪ್ಪಾ? ಬಾಗಿಲು ಹಾಕಿದ್ದು ಒಳ್ಳೇದಾಯ್ತು, ನೆಮ್ಮದಿಯಾಗಿ ಮಾತಾಡ್ಬೋದು. ನಮ್ ಮೊಮ್ಮಗಳಿಗೆ ಒಂದು ಗಂಡು ಬಂದೈತೆ. ಚನ್ನರಾಯಪಟ್ಟಣದ್ದು. ನೀವು ಹೆಂಗೂ ಅಲೀತೀರ, ಒಂದಿನ ಓಗಿ ವಿಚಾರಿಸ್ಕೊಂಡು ಬನ್ನಿ."

ಚಿಕ್ಕಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ. "ಒಂದಿನ ಯಾಕಜ್ಜಿ? ಚಿಲಕ ತೆಗೀರಿ, ಈಗ್ಲೇ ಓಗ್ಬತ್ತೀವಿ."

"ಧಾರೆಗೆ ಉಡುಗಿ ಕರ್ಕಂಡ್ ಓಗೋ ಹೊತ್ತಿಗೆ ತೆಗೀತೀನಿ" ಅಂದರು ಅಜ್ಜಿ. "ಮಂಡಿನೋವಿನ ಮುದುಕಿ, ಎದ್ದು ಓಗಲ್ಲ ಅಂತ್ಲೇ ನಿಮ್ಮಕ್ಕ ನನ್ನ ಇಲ್ಲಿ ಕಾವಲಿಗೆ ಕೂರ್ಸವ್ಳೆ."